ಗೆಲಿಲಿಯೋಸ್ಕೋಪ್ ಕಿಟ್: ಕೆಟ್ಟ ಐಪೀಸಿಗಾಗಿಯೇ ಕೊಳ್ಳಬೇಕಾದ ಟೆಲಿಸ್ಕೋಪ್

ಗೆಲಿಲಿಯೋ ಆಕಾಶಕ್ಕೆ ಟೆಲಿಸ್ಕೋಪ್ ತಿರುಗಿಸಿ 400 ವರ್ಷ ತುಂಬಿದ ನೆನಪಿಗೆ 2009ರ ಅಂತರರಾಷ್ಟ್ರೀಯ ಖಗೋಳವಿಜ್ಞಾನ ವರ್ಷಕ್ಕೆಂದು ರೂಪಿಸಿದ ಕಿಟ್ ಇದು. ಆಗ ಒಂದಕ್ಕೆ 15 ಡಾಲರ್ ಇತ್ತು, ಆಮೇಲೆ ಬೆಲೆ ಏರಿತು. ಮುಂದೆ 50 ಮಿ.ಮೀ. ವ್ಯಾಸದ, 500 ಮಿ.ಮೀ. ಸಂಗಮದೂರದ ಗಾಜಿನ ಲೆನ್ಸ್. ಹಿಂದೆ, ಕಣ್ಣಿಡುವ ಐಪೀಸಿನ ಕಡೆ, ಮೂರು ಬಗೆಯಲ್ಲಿ ಜೋಡಿಸಬಹುದಾದ ಪ್ಲಾಸ್ಟಿಕ್ ಲೆನ್ಸುಗಳು. 20 ಮಿ.ಮೀ. ಐಪೀಸ್ ಹಾಕಿದರೆ 25 ಪಟ್ಟು ದೊಡ್ಡದಾಗಿ ಕಾಣುತ್ತದೆ, ಅದಕ್ಕೆ ಬಾರ್ಲೋ (ವರ್ಧನೆ ಹೆಚ್ಚಿಸುವ ಲೆನ್ಸಿನ ಕೊಳವೆ) ಸೇರಿಸಿದರೆ 50 ಪಟ್ಟು. ಬಾರ್ಲೋದೊಳಗಿನ ಲೆನ್ಸನ್ನೇ ತೆಗೆದು ಐಪೀಸಾಗಿ ಕೂರಿಸಿದರೆ 17 ಪಟ್ಟು. ಈ ಮೂರನೆಯದು ಗೆಲಿಲಿಯೋ ಬಳಸಿದ ಬಗೆ. ಬಹುತೇಕರು ಅದನ್ನು ಒಮ್ಮೆ ಇಣುಕಿ, ಏನೂ ಕಾಣಲಿಲ್ಲ ಎಂದು ಡಬ್ಬಿಗೆ ಹಾಕಿಬಿಡುತ್ತಾರೆ. ಈ ಕಿಟ್ ಕೊಳ್ಳಲು ನಿಜವಾದ ಕಾರಣ ಅದೇ.

ಜೋಡಣೆಗೆ ಅಂಟು ಬೇಡ. ಕೊಳವೆ ಉದ್ದಕ್ಕೆ ಸೀಳಿದ ಎರಡು ಹೋಳಾಗಿ ಬರುತ್ತದೆ. ಲೆನ್ಸ್ ಕೂರಿಸಿ, ಹೋಳುಗಳನ್ನು ಮುಚ್ಚಿ, ರಿಂಗ್ ಹಾಕಿ ಬಿಗಿ ಮಾಡುವುದು. ಮುಂದಿನ ಲೆನ್ಸನ್ನು ಅಂಚಿನಲ್ಲೇ ಹಿಡಿಯಬೇಕು, ಹೆಚ್ಚು ಉಬ್ಬಿದ ಬದಿ ಆಕಾಶದ ಕಡೆಗಿರಬೇಕು. ಎಡವುವ ಜಾಗ 20 ಮಿ.ಮೀ. ಐಪೀಸ್. ಅದರಲ್ಲಿ ನಾಲ್ಕು ಪುಟ್ಟ ಲೆನ್ಸುಗಳು ಎರಡು ಜೋಡಿಯಾಗಿ ಕೂರುತ್ತವೆ. ಪ್ರತಿ ಜೋಡಿಯಲ್ಲಿ ಪೀನದ ಉಬ್ಬು ನಿಮ್ನದ ತಗ್ಗಿನೊಳಗೆ ಸರಿಯಾಗಿ ಕೂತಿರಬೇಕು, ಎರಡೂ ಜೋಡಿಯ ಪೀನ ಲೆನ್ಸುಗಳು ಒಂದಕ್ಕೊಂದು ಮುಖಮಾಡಿರಬೇಕು. ಒಂದು ಲೆನ್ಸ್ ತಿರುವುಮುರುವಾದರೂ ನಡುವೆ ಸ್ಪಷ್ಟ, ಅಂಚಿನಲ್ಲಿ ಮಬ್ಬು. ಫೋಕಸ್ ಎಷ್ಟು ಎಳೆದಾಡಿದರೂ ಸರಿಹೋಗದು. ಪ್ಲಾಸ್ಟಿಕ್ ಲೆನ್ಸನ್ನು ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಧೂಳು ಕೂತಿದ್ದರೆ ಗಾಳಿಪಂಪಿನಿಂದ ಊದಿದರೆ ಸಾಕು.

ಟ್ರೈಪಾಡ್ ಕಿಟ್‌ನಲ್ಲಿಲ್ಲ. ಕ್ಯಾಮೆರಾ ಟ್ರೈಪಾಡಿಗೆ ಕೂರುವ ಕಾಲಿಂಚಿನ ನಟ್ ಕೊಳವೆಯಲ್ಲೇ ಇದೆ. ಫೋಕಸ್ಸಿಗೆ ತಿರುಗುಗುಂಡಿ ಇಲ್ಲ, ಒಳಕೊಳವೆಯನ್ನು ಕೈಯಲ್ಲೇ ಜಾರಿಸಬೇಕು. ಸಪೂರ ಕಾಲಿನ ಟ್ರೈಪಾಡ್ ಆದರೆ ಪ್ರತಿ ಸಲವೂ ಗ್ರಹ ಹೊರಗೋಡುತ್ತದೆ. ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡಕ್ಕಿಟ್ಟು, ಕುಳಿತು ನೋಡುವುದು ವಾಸಿ. ಇದರಲ್ಲಿ ಸೂರ್ಯನನ್ನು ಯಾವ ಕಾರಣಕ್ಕೂ ನೋಡಕೂಡದು.

ಈಗ ಆ 17 ಪಟ್ಟಿನ ಐಪೀಸ್. ನಿಮ್ನ ಲೆನ್ಸ್ ಆದ್ದರಿಂದ ಚಿತ್ರ ನೆಟ್ಟಗೆ ಕಾಣುತ್ತದೆ. ಉಳಿದೆರಡು ಜೋಡಣೆಯಲ್ಲಿ ತಲೆಕೆಳಗು. ಆದರೆ ಬೆಳಕು ಹೊರಬಂದು ಕೂಡುವ ಕಿಂಡಿ ಕಣ್ಣಿಗೆ ಸಿಗುವ ಕಡೆ ಇರುವುದಿಲ್ಲ, ಕೊಳವೆಯೊಳಗೇ ಉಳಿದುಬಿಡುತ್ತದೆ. ಹಾಗಾಗಿ ಬೀಗದ ಕಿಂಡಿಯಲ್ಲಿ ಇಣುಕಿದ ಹಾಗೆ: ಕಣ್ಣನ್ನು ಲೆನ್ಸಿಗೆ ಒತ್ತಬೇಕು, ತುಸು ಸರಿಸಿದರೆ ಬೇರೆಯದೇ ತುಣುಕು. ಒಟ್ಟಿಗೆ ಕಾಣುವುದು ಹೆಚ್ಚುಕಡಿಮೆ ಕಾಲು ಡಿಗ್ರಿ, ಅಂದರೆ ಚಂದ್ರನ ಅರ್ಧ ಅಗಲ. ಭೂಮಿ ತಿರುಗುವ ವೇಗಕ್ಕೆ ಆಕಾಶ ನಿಮಿಷಕ್ಕೆ ಕಾಲು ಡಿಗ್ರಿ ಸರಿಯುತ್ತದೆ. ನಡುವೆ ಹಿಡಿದು ನಿಲ್ಲಿಸಿದ ಗುರುಗ್ರಹ ಅರ್ಧ ನಿಮಿಷಕ್ಕೆಲ್ಲ ಅಂಚು ದಾಟಿರುತ್ತದೆ. ಮೊದಲು 25 ಪಟ್ಟಿನಲ್ಲಿ ಹುಡುಕಿ, ಟ್ರೈಪಾಡ್ ಬಿಗಿದು, ಗುರು ಚಲಿಸುವ ದಿಕ್ಕಿನಲ್ಲಿ ತುಸು ಮುಂದಕ್ಕೆ ಗುರಿಯಿಟ್ಟು, ಆಮೇಲೆ ಐಪೀಸ್ ಬದಲಿಸುವುದೇ ದಾರಿ. ಗೆಲಿಲಿಯೋನಿಗೆ ಆ 25 ಪಟ್ಟಿನ ಅನುಕೂಲ ಇರಲಿಲ್ಲ. ಪೀನ ಐಪೀಸಿನ ವಿನ್ಯಾಸವನ್ನು ಖಗೋಳಜ್ಞ ಕೆಪ್ಲರ್ ಪ್ರಕಟಿಸಿದ್ದು 1611ರಲ್ಲಿ.

1610ರ ಏಪ್ರಿಲ್ ಕೊನೆಯಲ್ಲಿ ಬೊಲೊನ್ಯಾದಲ್ಲಿ ಗಣಿತಜ್ಞ ಮಜೀನಿಯ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ವಾಂಸರು ಎರಡು ರಾತ್ರಿ ಸೇರಿದ್ದರು. ಗೆಲಿಲಿಯೋ ತಾನೇ ಟೆಲಿಸ್ಕೋಪ್ ಹಿಡಿದು ಬಂದಿದ್ದ. ಗುರುವಿನ ಚಂದ್ರರು ಅವರಿಗೆ ಒಪ್ಪುವಂತೆ ಕಾಣಲಿಲ್ಲ. ಭೂಮಿಯ ಮೇಲೆ ಈ ಯಂತ್ರ ಅದ್ಭುತ, ಆಕಾಶದಲ್ಲಿ ಮೋಸ ಎಂದು ಮಜೀನಿಯ ಸಹಾಯಕ ಮಾರ್ಟಿನ್ ಹೋರ್ಕಿ ಕೆಪ್ಲರನಿಗೆ ಬರೆದ. ಹೋರ್ಕಿಯನ್ನು ಮೂರ್ಖ ಎಂದು ನಗುವುದು ಈಗ ರೂಢಿ. ಈ ಐಪೀಸಿನಲ್ಲಿ ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ ಗುರುವನ್ನು ತೋರಿಸಿ ನೋಡಿ. ಒಬ್ಬೊಬ್ಬರ ಕಣ್ಣಿಗೆ ಫೋಕಸ್ ಬೇರೆ. ಒಬ್ಬರು ಜಾರಿಸಿಕೊಳ್ಳುವಷ್ಟರಲ್ಲಿ ಗ್ರಹ ಹೊರಗೆ. ಇನ್ನೊಂದು ಮಾತು: ದೂರದ ಗೋಪುರ ನೋಡುವಾಗ ಲೆನ್ಸಿನ ಊನ ಅಷ್ಟಾಗಿ ಗೊತ್ತಾಗುವುದಿಲ್ಲ, ಕತ್ತಲಲ್ಲಿ ಬೆಳಕಿನ ಚುಕ್ಕೆ ಅದನ್ನೆಲ್ಲ ಬಯಲು ಮಾಡುತ್ತದೆ. ಹೋರ್ಕಿಯ ದೂರಿನಲ್ಲಿ ದ್ವೇಷವೂ ಇತ್ತು, ಕಂಡದ್ದೂ ಇತ್ತು. 1609ರ ಆಗಸ್ಟಿನಲ್ಲಿ ಸಂತ ಮಾರ್ಕನ ಗೋಪುರ ಹತ್ತಿ ದೂರದ ಹಡಗು ನೋಡಿದ ವೆನಿಸ್ಸಿನ ಹಿರಿಯರಿಗೆ ಇಂಥ ಸಂಶಯವೇ ಬಂದಿರಲಿಲ್ಲ. ಗೆಲಿಲಿಯೋನ ಸಂಬಳ ವರ್ಷಕ್ಕೆ 1000 ಫ್ಲೋರಿನ್ನಿಗೆ ಏರಿತು.

ಕಿಟ್ ಒಂದು ಕಡೆ ಮಾತ್ರ ಮೋಸ ಮಾಡುತ್ತದೆ. ಮುಂದಿನ ಲೆನ್ಸ್ ಎರಡು ಬಗೆಯ ಗಾಜು ಸೇರಿಸಿ ಮಾಡಿದ, ಬಣ್ಣದಂಚು ತಗ್ಗಿಸುವ ಲೆನ್ಸ್. ಅದಕ್ಕೆ ಲಂಡನ್ನಿನ ಲೆನ್ಸ್ ತಯಾರಕ ಡಾಲಂಡ್ ಪೇಟೆಂಟ್ ಪಡೆದದ್ದು 1758ರಲ್ಲಿ. ಗೆಲಿಲಿಯೋನದು ಒಂಟಿ ಗಾಜು. ಫ್ಲಾರೆನ್ಸಿನ ಮ್ಯೂಸಿಯಂನಲ್ಲಿ ಉಳಿದಿರುವ ಅವನ 21 ಪಟ್ಟಿನ ಟೆಲಿಸ್ಕೋಪಿನಲ್ಲಿ ಲೆನ್ಸಿನ ವ್ಯಾಸ 37 ಮಿ.ಮೀ., ಆದರೆ ಅಂಚಿನ ಉಜ್ಜುವಿಕೆ ಕೆಟ್ಟದಾಗಿದ್ದರಿಂದ 15 ಮಿ.ಮೀ. ಮಾತ್ರ ತೆರೆದು ಉಳಿದದ್ದನ್ನು ಮುಚ್ಚಿದೆ. ಕಪ್ಪು ರಟ್ಟಿನಲ್ಲಿ 15 ಮಿ.ಮೀ. ತೂತು ಕೊರೆದು ಮುಂದೆ ಸಿಕ್ಕಿಸಿದರೆ ಬೆಳಕಿನ ಮಟ್ಟಿಗಾದರೂ ಅವನ ಸ್ಥಿತಿಗೆ ಹತ್ತಿರವಾಗುತ್ತೇವೆ. 60ಕ್ಕೂ ಹೆಚ್ಚು ಟೆಲಿಸ್ಕೋಪ್ ಮಾಡಿದರೂ ಗುರುವಿನ ಚಂದ್ರರನ್ನು ತೋರಿಸುವಂಥವು ಕೆಲವೇ ಎಂದು ಅವನೇ ಹೇಳಿಕೊಂಡಿದ್ದ. 1609ರ ನವೆಂಬರಿನ ಕಾಗದವೊಂದರ ಮೇಲೆ ಅವನು ಗೀಚಿದ ಸಾಮಾನಿನ ಪಟ್ಟಿ ಉಳಿದಿದೆ: ಫಿರಂಗಿ ಗುಂಡು, ತವರದ ಆರ್ಗನ್ ಕೊಳವೆ, ಜರ್ಮನ್ ಗಾಜು, ಕನ್ನಡಿ ಚೂರು, ಹೊಳಪಿನ ಪುಡಿ. ಅದರಲ್ಲೇ ಅಕ್ಕಿ, ಕಡಲೆ, ಒಣದ್ರಾಕ್ಷಿ, ಮಗನಿಗೆ ಚಪ್ಪಲಿ ಮತ್ತು ಟೋಪಿ. ಗುಂಡು ಬೇಕಾದದ್ದು ನಿಮ್ನ ಲೆನ್ಸಿನ ತಗ್ಗು ಉಜ್ಜಲು.

ನೋಡಲು ಮೊದಲು ಚಂದ್ರ: ಹುಣ್ಣಿಮೆ ಬೇಡ, ಅಷ್ಟಮಿಯ ಆಸುಪಾಸು. ಬೆಳಕು-ಕತ್ತಲಿನ ಗಡಿಯಾಚೆ, ಕತ್ತಲೊಳಗೆ ಒಂಟಿಯಾಗಿ ಹೊಳೆಯುವ ಚುಕ್ಕೆಗಳು ಬೆಟ್ಟದ ತುದಿಗಳು. ಚಂದ್ರ ನುಣುಪಾದ ಗೋಳ ಎಂಬ ನಂಬಿಕೆ ಕುಸಿದದ್ದು ಅಲ್ಲಿ. ಗುರುವಿನ ಚಂದ್ರರನ್ನು ಕನಿಷ್ಠ ನಾಲ್ಕು ರಾತ್ರಿ ಗುರುತು ಹಾಕಿಕೊಳ್ಳಬೇಕು. 1610ರ ಜನವರಿ 7ರಂದು ಗೆಲಿಲಿಯೋನಿಗೆ ಕಂಡದ್ದು ಮೂರು, ನಾಲ್ಕನೆಯದು 13ರಂದು. ಅವಕ್ಕೆ ಫ್ಲಾರೆನ್ಸ್ ಆಳುತ್ತಿದ್ದ ಮೆಡಿಚಿ ಮನೆತನದ ಹೆಸರಿಟ್ಟು, ಆ ಮನೆತನದ ದೊರೆ ಕೋಸಿಮೊ ಹುಟ್ಟಿದಾಗ ಗುರು ನಡುನೆತ್ತಿಯಲ್ಲಿದ್ದ ಎಂದು ಅರ್ಪಣೆಯಲ್ಲಿ ಬರೆದ. ನಮ್ಮ ಜಾತಕದ ಭಾಷೆಯಲ್ಲಿ ಹತ್ತನೇ ಮನೆಯ ಗುರು! ಜ್ಯೋತಿಷ್ಯ ಬೇರೆ, ವಿಜ್ಞಾನ ಬೇರೆ ಎಂಬ ಗೋಡೆ ಆಗಿನ್ನೂ ಎದ್ದಿರಲಿಲ್ಲ. ಅವನು ಮಗಳ ಜಾತಕವನ್ನೂ ಬರೆದಿದ್ದ. ಅರ್ಪಣೆ ಫಲಿಸಿತು, ಆಸ್ಥಾನದ ಹುದ್ದೆ ಸಿಕ್ಕಿತು.

ಶುಕ್ರನ ಕಲೆಗಳಿಗೆ (ಚಂದ್ರನಂತೆ ಬದಲಾಗುವ ಅದರ ಆಕಾರಕ್ಕೆ) 50 ಪಟ್ಟು ಬಳಸಿ, ಕತ್ತಲಾಗುವ ಮೊದಲೇ ನೋಡಿ. ಪೂರ್ತಿ ಕತ್ತಲಲ್ಲಿ ಹೊಳಪಿಗೆ ಆಕಾರ ಕರಗಿಹೋಗುತ್ತದೆ. ಈ ಕಲೆಗಳಿಂದ ಭೂಮಿ ಸೂರ್ಯನನ್ನು ಸುತ್ತುವುದು ಸಾಬೀತಾಯಿತು ಎಂದು ಮಕ್ಕಳಿಗೆ ಹೇಳಬೇಡಿ. ಸಾಬೀತಾದದ್ದು ಶುಕ್ರ ಸೂರ್ಯನನ್ನು ಸುತ್ತುತ್ತದೆ ಎಂಬುದಷ್ಟೇ. ಆ ಕಾಲದ ಖಗೋಳಜ್ಞ ಟೀಕೋ ಬ್ರಾಹೆಯ ಲೆಕ್ಕದಲ್ಲೂ ಅದು ಹಾಗೆಯೇ, ಅಲ್ಲಿ ಭೂಮಿ ನಿಂತೇ ಇತ್ತು.

ಶನಿ 17 ಪಟ್ಟಿನಲ್ಲಿ ಉದ್ದನೆಯ ಕಾಳಿನಂತೆ ಕಾಣುತ್ತದೆ. ಗೆಲಿಲಿಯೋ ಅದನ್ನು ಮೂರು ಗೋಳ ಎಂದುಕೊಂಡಿದ್ದ, 1612ರಲ್ಲಿ ಪಕ್ಕದವೆರಡೂ ಮಾಯವಾದಾಗ ದಿಗಿಲುಬಿದ್ದ. ಬಳೆ ಅಂಚು ನಮ್ಮತ್ತ ತಿರುಗಿದ್ದೇ ಕಾರಣ. 2025ರಲ್ಲೂ ಹಾಗೇ ಆಯಿತು. ಬಳೆ ಮತ್ತೆ ಅಗಲವಾಗುತ್ತಾ ಹೋಗುವುದರಿಂದ ಶನಿಯ ಚಿತ್ರವನ್ನು ವರ್ಷಕ್ಕೊಮ್ಮೆ ಅದೇ ಐಪೀಸಿನಲ್ಲಿ ಬರೆದಿಡಿ.