ಪಾಂಡಿಚೇರಿಯಲ್ಲಿ ಜೋಡಿಗೆ ಎರಡು ರಾತ್ರಿ: ರೂಮು ಕಾಲುವೆಯ ಯಾವ ಕಡೆ?

ಬೆಂಗಳೂರಿನಿಂದ ಶುಕ್ರವಾರ ಹೊರಟು ಭಾನುವಾರ ಮರಳುವ ಜೋಡಿಗೆ ಪಾಂಡಿಚೇರಿಯಲ್ಲಿ ಉಳಿಯಲು ಸರಿಯಾದ ಜಾಗ ವೈಟ್ ಟೌನ್, ಅಂದರೆ ಕಡಲಂಚಿನ ಹಳೆ ಫ್ರೆಂಚ್ ಭಾಗ, ಅಲ್ಲ. ಕಾಲುವೆಯ ಪಶ್ಚಿಮಕ್ಕಿರುವ ತಮಿಳು ಬೀದಿಗಳು: ವೈಸಿಯಾಳ್ ಬೀದಿ, ಪೆರುಮಾಳ್ ಕೋವಿಲ್ ಬೀದಿ ಮತ್ತು ಅವುಗಳ ಆಸುಪಾಸು. ವೈಟ್ ಟೌನ್, ಸೆರೆನಿಟಿ ಬೀಚ್, ಶ್ರೀ ಅರವಿಂದಾಶ್ರಮದ ಅತಿಥಿಗೃಹ, ಮೂರೂ ಕಡೆ ಉಳಿದು ನೋಡಿದ ಮೇಲೆ ಹೇಳುತ್ತಿರುವ ಮಾತು ಇದು.

ಮೊದಲು ಊರಿನ ನಕ್ಷೆ ತಲೆಯಲ್ಲಿ ಕೂರಬೇಕು. ಹಳೆ ಪಾಂಡಿಚೇರಿ ಚೌಕಾಬಾರದ ಮನೆಯಂತೆ ಗೀಟು ಹಾಕಿದ ಊರು. ಕಡಲಿನ ಗುಂಟ ಉತ್ತರ–ದಕ್ಷಿಣವಾಗಿ ಕೆಲವು ಬೀದಿಗಳು, ಅವನ್ನು ಅಡ್ಡ ಹಾಯ್ದು ಪೂರ್ವಕ್ಕೆ ಕಡಲ ಕಡೆ ಹೋಗುವವು ಮತ್ತೆ ಕೆಲವು. ನಡುವೆ ಒಂದು ಕಾಲುವೆ. ಕಾಲುವೆಯಿಂದ ಕಡಲಿನವರೆಗಿನ ಪಟ್ಟಿಯೇ ವೈಟ್ ಟೌನ್: ಹಳದಿ ಗೋಡೆ, ಬಿಳಿ ಅಂಚು, ಕಾಗದದ ಹೂವಿನ ಬಳ್ಳಿ. ಕಾಲುವೆಯ ಈಚೆಗೆ ಜಗಲಿ, ಮರದ ಕಂಬ, ಹಂಚಿನ ಮಾಡಿನ ತಮಿಳು ಮನೆಗಳು. ಈಚೆಯ ಬೀದಿಗಳಿಂದ ಕಡಲಿಗೆ ನಡೆದರೆ ಹನ್ನೆರಡರಿಂದ ಹದಿನೈದು ನಿಮಿಷ, ಅಷ್ಟೆ.

ಇನ್ನೊಂದು ಸಂಗತಿಯನ್ನು ನಮ್ಮವರು ಮರೆಯುತ್ತಾರೆ. ಇದು ಪೂರ್ವ ಕರಾವಳಿ. ಗೋಕರ್ಣ, ಮಲ್ಪೆಯ ರೂಢಿಯಲ್ಲಿ ಸಂಜೆ ಆರಕ್ಕೆ ಕಡಲ ಮುಂದೆ ಕೈ ಹಿಡಿದು ನಿಂತರೆ ಸೂರ್ಯ ಬೆನ್ನ ಹಿಂದೆ ಕಟ್ಟಡಗಳ ಆಚೆ ಮುಳುಗುತ್ತಿರುತ್ತಾನೆ. ಇಲ್ಲಿ ಕಡಲಿನ ಹೊತ್ತು ಎರಡೇ, ಬೆಳಗಿನ ಜಾವ ಮತ್ತು ರಾತ್ರಿ. ಮೇ ತಿಂಗಳಲ್ಲಿ ಆರಕ್ಕೆ ಮೊದಲೇ ಸೂರ್ಯ ನೀರಿನಿಂದ ಮೇಲೆ ಬಂದಿರುತ್ತಾನೆ, ಜನವರಿಯಲ್ಲಿ ಆರೂವರೆ ಆಗುತ್ತದೆ. ವೈಟ್ ಟೌನಿನ ಬೀದಿಗಳು ಚೆನ್ನಾಗಿರುವುದೂ ಅದೇ ಹೊತ್ತುಗಳಲ್ಲಿ. ಬೆಳಗ್ಗೆ ಎಂಟರ ನಂತರ ಪ್ರತಿ ಹಳದಿ ಗೋಡೆಯ ಮುಂದೆ ಫೋಟೊಗೆ ನಿಂತವರ ಸಾಲು, ಮದುವೆಗೆ ಮುಂಚಿನ ಶೂಟಿಂಗಿನವರ ರಿಫ್ಲೆಕ್ಟರು. ಮಧ್ಯಾಹ್ನ ಬಿಸಿಲು. ವಾರಾಂತ್ಯದ ಸಂಜೆ ಹಾಡು, ಗದ್ದಲ. ಒಳ್ಳೆಯ ಹೊತ್ತುಗಳಲ್ಲಿ ಅಲ್ಲಿಗೆ ನಡೆದು ಹೋಗಿ, ಉಳಿದ ಹೊತ್ತು ಅಲ್ಲಿಂದ ಹೊರಗಿರಬಹುದಾದರೆ ಅಲ್ಲಿನ ವಿಳಾಸಕ್ಕೆ ಹೆಚ್ಚು ಬಾಡಿಗೆ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ವೈಟ್ ಟೌನಿನ ದೊಡ್ಡ ತೊಡಕು ಕಾರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜೋಡಿಗಳ ಮೊದಲ ಸಂಜೆ ಇಲ್ಲೇ ಹಾಳಾಗುತ್ತದೆ.

ಗುಬೇರ್ ಅವೆನ್ಯೂ, ಅಂದರೆ ಬೀಚ್ ರಸ್ತೆ, ಸಂಜೆಯಾಗುತ್ತಲೇ ವಾಹನಗಳಿಗೆ ಮುಚ್ಚುತ್ತದೆ. ಮತ್ತೆ ತೆರೆಯುವುದು ಬೆಳಗ್ಗೆ ಏಳೂವರೆಗೆ. ನಡೆಯುವವರಿಗೆ ಇದು ವರ, ಊರಿನ ಅತ್ಯುತ್ತಮ ವ್ಯವಸ್ಥೆಯೇ ಇದು. ಆದರೆ ಬ್ಯಾರಿಕೇಡು ಬೀಳುವುದು ಆ ರಸ್ತೆಗೆ ಸೇರುವ ಅಡ್ಡಬೀದಿಗಳ ಬಾಯಿಗೆ. ಬೆಂಗಳೂರಿನಿಂದ ಕೃಷ್ಣಗಿರಿ, ತಿರುವಣ್ಣಾಮಲೈ, ಜಿಂಜಿ, ತಿಂಡಿವನಂ ಮೇಲೆ ಸುಮಾರು 310 ಕಿ.ಮೀ. ಊಟ ತಿಂಡಿ ಸೇರಿ ಏಳು ಗಂಟೆ. ಮಧ್ಯಾಹ್ನ ಹನ್ನೆರಡಕ್ಕೆ ಹೊರಟವರು ತಲುಪುವುದು ಸರಿಯಾಗಿ ಬ್ಯಾರಿಕೇಡು ಬಿದ್ದ ಮೇಲೆ. ಮ್ಯಾಪು ಮಾತ್ರ ಬೀಚ್ ರಸ್ತೆಯ ಮೇಲಿಂದಲೇ ದಾರಿ ತೋರಿಸುತ್ತಿರುತ್ತದೆ. ಹಿಂದಕ್ಕೆ ತಿರುಗಿಸೋಣವೆಂದರೆ ಬೀದಿ ಏಕಮುಖ, ಎಡಬಲ ಎರಡೂ ಕಡೆ ಸ್ಕೂಟರು. ಕಾರಿನಲ್ಲಿ ಒಬ್ಬರು ಮ್ಯಾಪು ಹಿಡಿದು, ಇನ್ನೊಬ್ಬರು ಸ್ಟೀರಿಂಗ್ ಹಿಡಿದು ಮೂರನೇ ಸುತ್ತು ಹೊಡೆಯುವಾಗ ಪ್ರೇಮದ ಮಾತು ಹೊರಡುವುದಿಲ್ಲ.

ರೂಮಿನ ಜಾಹೀರಾತಿನಲ್ಲಿ "ಪಾರ್ಕಿಂಗ್ ಇದೆ" ಎಂದಿದ್ದರೆ ಬಹುಪಾಲು ಅರ್ಥ ಬೀದಿಯಲ್ಲಿ, ಅದೂ ಖಾಲಿ ಇದ್ದರೆ. ಹಳೆ ಫ್ರೆಂಚ್ ಮನೆಗಳ ಬಾಗಿಲು ಕಾರಿಗಾಗಿ ಮಾಡಿದ್ದಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲೇ ಫೋನು ಮಾಡಿ ಕೇಳಿ: ಕಾಂಪೌಂಡಿನ ಒಳಗೆ ಜಾಗ ಇದೆಯೇ, ಬೀದಿಯಲ್ಲೇ? ಸಂಜೆ ಆರರ ನಂತರ ಯಾವ ಬೀದಿಯಿಂದ ಒಳಗೆ ಬರಬೇಕು? ಸಾಮಾನು ಇಳಿಸುವಷ್ಟು ಹೊತ್ತು ಬಾಗಿಲ ಮುಂದೆ ನಿಲ್ಲಿಸಬಹುದೇ? ಮೂರಕ್ಕೂ ನೇರ ಉತ್ತರ ಬಾರದಿದ್ದರೆ ಆ ರೂಮು ಕಾರಿನವರಿಗಲ್ಲ. ಅಲ್ಲೇ ಉಳಿಯುವ ಹಟವಿದ್ದರೆ ಬೆಂಗಳೂರನ್ನು ಬೆಳಗ್ಗೆ ಆರಕ್ಕೆ ಬಿಡಿ, ಹಗಲಲ್ಲೇ ತಲುಪಿ ಸಾಮಾನು ಇಳಿಸಿ, ಕಾರನ್ನು ದಕ್ಷಿಣ ತುದಿಯ ಹಳೆ ಬಂದರಿನ ಕಡೆ ನಿಲ್ಲಿಸಿ, ಭಾನುವಾರದವರೆಗೆ ಮುಟ್ಟಬೇಡಿ.

ದಾರಿಯ ಬಗ್ಗೆ ಒಂದು ಮಾತು. ಹೊರಡುವ ಮೊದಲು ಪಂಚಾಂಗ ನೋಡಿ. ಹುಣ್ಣಿಮೆಯ ದಿನ ಗಿರಿವಲಂಗೆ, ಅಂದರೆ ಅಲ್ಲಿನ ಬೆಟ್ಟದ ಪ್ರದಕ್ಷಿಣೆಗೆ, ಲಕ್ಷಾಂತರ ಜನ ಸೇರಿ ತಿರುವಣ್ಣಾಮಲೈ ಸುತ್ತಿನ ರಸ್ತೆಗಳು ಕಟ್ಟಿಕೊಳ್ಳುತ್ತವೆ.

ಕಾಲುವೆಯ ಈಚೆ ಕಾರಿನ ಕಷ್ಟ ಇಲ್ಲವೇ ಇಲ್ಲ ಎನ್ನಲಾರೆ. ಬೀದಿಗಳು ಇಲ್ಲೂ ಕಿರಿದು, ನೆಹರು ಬೀದಿಯ ಸುತ್ತ ವಾರಾಂತ್ಯದಲ್ಲಿ ನೂಕುನುಗ್ಗಲು. ಆದರೆ ಬೀಚಿನ ಬ್ಯಾರಿಕೇಡು ಇಷ್ಟು ದೂರ ಬರುವುದಿಲ್ಲ, ರಾತ್ರಿ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಬೀದಿ ಬಿಡುವಾಗುತ್ತದೆ. ರಾತ್ರಿ ಬಸ್ಸಿನಲ್ಲಿ ಬರುವವರಿಗಂತೂ ಈ ಕಡೆಯೇ ಅನುಕೂಲ. ಬಸ್ಸು ಬೆಳಗಿನ ಜಾವ ಇಳಿಸುತ್ತದೆ, ರೂಮು ಸಿಗುವುದು ಮಧ್ಯಾಹ್ನ. ಮನೆಯವರೇ ನಡೆಸುವ ಜಾಗಗಳಲ್ಲಿ ಮುಂಚೆಯೇ ಹೇಳಿದ್ದರೆ ಬ್ಯಾಗು ಇಟ್ಟುಕೊಂಡು ಮುಖ ತೊಳೆಯಲು ಜಾಗ ಕೊಡುತ್ತಾರೆ. ಅಲ್ಲಿಂದ ನೇರ ಸೂರ್ಯೋದಯಕ್ಕೆ.

ಇನ್ನು ಮನೆಗಳು. ಬೀದಿಗೆ ತೆರೆದುಕೊಂಡ ತಿಣ್ಣೈ, ಅಂದರೆ ನಮ್ಮ ಜಗಲಿ. ಅದರ ಮುಂದೆ ಬೀದಿಯ ಮೇಲೇ ಚಾಚಿದ ಮಾಡು, ಇದಕ್ಕೆ ತಾಳ್ವಾರಂ ಎನ್ನುತ್ತಾರೆ, ದಾರಿಹೋಕರಿಗೂ ನೆರಳು. ಒಳಗೆ ಮುಟ್ರಂ, ನಮ್ಮ ತೊಟ್ಟಿಮನೆಯ ತೊಟ್ಟಿಯೇ. ಕೆಲವು ಮನೆಗಳ ಕೆಳಗಿನ ಅಂತಸ್ತು ಹೀಗೆ ತಮಿಳು ಕ್ರಮದ್ದು, ಮೇಲಿನದು ಫ್ರೆಂಚರ ಕಮಾನು ಕಿಟಕಿಯದ್ದು. ಎರಡೂ ಒಂದೇ ಗೋಡೆಯ ಮೇಲೆ ನಿಂತಿರುವುದನ್ನು ಈ ಬೀದಿಗಳಲ್ಲಿ ನೋಡಬೇಕು. ಮಧ್ಯಾಹ್ನ ಎರಡರ ಬಿಸಿಲಲ್ಲಿ ಹೊರಗೆ ಕಾಲಿಡಲಾಗದಾಗ ಆ ತೊಟ್ಟಿಯ ಅಂಚಿನ ಕಂಬಕ್ಕೊರಗಿ, ತಣ್ಣನೆಯ ನೆಲಕ್ಕೆ ಅಂಗಾಲು ಒತ್ತಿ ಇಬ್ಬರೇ ಕೂತಿರುವುದಿದೆಯಲ್ಲ, ಆ ಎರಡು ಗಂಟೆಗೇ ಈ ಕಡೆಯ ರೂಮು ಬೇಕು.

ಆದರೆ ಯಾವ ರೂಮು ಎಂಬುದು ಮುಖ್ಯ. ತೊಟ್ಟಿಯ ಸುತ್ತಲಿನ ಕೆಳಗಿನ ರೂಮುಗಳ ಕಿಟಕಿ ತೆರೆಯುವುದು ತೊಟ್ಟಿಗೇ. ಅಲ್ಲೇ ಬೆಳಗಿನ ತಿಂಡಿ ಬಡಿಸುತ್ತಾರೆ. ಎಂಟು ಗಂಟೆಗೆ ಚಮಚದ ಸದ್ದು, ಪಕ್ಕದ ಮೇಜಿನ ಮಾತು ಎಲ್ಲ ಹಾಸಿಗೆಗೆ ಬರುತ್ತದೆ, ನಿಮ್ಮ ಮಾತೂ ಅಲ್ಲಿಗೆ ಹೋಗುತ್ತದೆ. ಮಹಡಿಯ ರೂಮು ಕೇಳಿ, ಬೀದಿಯ ಕಡೆ ಅಥವಾ ತಾರಸಿಯ ಕಡೆ ಕಿಟಕಿ ಇರುವಂಥದ್ದು. ಮೆಟ್ಟಿಲು ಕಡಿದಾಗಿರುತ್ತದೆ, ಲಿಫ್ಟಿನ ಆಸೆ ಬೇಡ, ದೊಡ್ಡ ಸೂಟ್‌ಕೇಸು ತರಬೇಡಿ.

ಕಾಲುವೆಗೆ ತಾಗಿದ ಬೀದಿಯಲ್ಲಿ ಮಾತ್ರ ರೂಮು ಹಿಡಿಯಬೇಡಿ. ಹೆಸರು ಕಾಲುವೆ, ಕೆಲಸ ಚರಂಡಿಯದು. ಸೆಕೆಗಾಲದಲ್ಲಿ ವಾಸನೆ, ಸಂಜೆ ಸೊಳ್ಳೆ. ಎರಡು ಬೀದಿ ಪಶ್ಚಿಮಕ್ಕೆ ಸರಿದರೆ ಎರಡೂ ಇಲ್ಲ.

ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಮಾರ್ಗಳಿ, ನಮ್ಮ ಧನುರ್ಮಾಸ. ಗುಡಿಗಳ ಧ್ವನಿವರ್ಧಕ ಬೆಳಗಿನ ಜಾವವೇ ಶುರು. ಕ್ರಿಸ್ಮಸ್ ರಜೆಗೆ ಹೋಗುವವರು ಗುಡಿಯಿಂದ ದೂರವೆಷ್ಟು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಎಚ್ಚರವಾಗಿಬಿಟ್ಟರೆ ಹೊರಗೆ ಬಂದು ನೋಡಿ, ಬಾಗಿಲು ಬಾಗಿಲಿಗೂ ಹೊಸ ಕೋಲ, ಅಂದರೆ ರಂಗೋಲಿ, ಬಿದ್ದಿರುತ್ತದೆ.

ಆಶ್ರಮದ ಅತಿಥಿಗೃಹಗಳಿಗೆ ಹಣದ ಲೆಕ್ಕದಲ್ಲಿ ಸಾಟಿಯೇ ಇಲ್ಲ. ಕಡಲ ಮುಂದೆಯೇ ಇರುವಂಥವೂ ಇವೆ, ಸ್ವಚ್ಛ, ಶಾಂತ. ಮದ್ಯ, ಸಿಗರೇಟು ಕೂಡದು, ರಾತ್ರಿ ಹತ್ತೂವರೆಯ ಸುಮಾರಿಗೆ ಗೇಟು ಹಾಕುತ್ತಾರೆ. ಅದು ಸಾಧಕರಿಗಾಗಿ ಕಟ್ಟಿದ ಜಾಗ, ಅವರ ನಿಯಮ ಸರಿಯಾದದ್ದೇ. ಆದರೆ ಬೀಚ್ ರಸ್ತೆ ಬಿಡುವಾಗಿ ಗಾಳಿ ತಂಪಾಗುವುದೇ ಹತ್ತರ ಹೊತ್ತಿಗೆ. ಆಗ ಗಡಿಯಾರ ನೋಡುತ್ತ ಓಡುವುದು ನನ್ನ ಮಟ್ಟಿಗೆ ಪ್ರವಾಸವಲ್ಲ. ತಂದೆತಾಯಿಯರನ್ನು ಕರೆದೊಯ್ಯುವಾಗ ಮಾತ್ರ ಕಣ್ಣುಮುಚ್ಚಿ ಇದನ್ನೇ ಆರಿಸಿ.

ಸೆರೆನಿಟಿ ಬೀಚ್ ಊರಿನಿಂದ ಉತ್ತರಕ್ಕೆ ಐದಾರು ಕಿ.ಮೀ., ಕೊಟ್ಟಕುಪ್ಪಂ ಬಳಿ. ಇಲ್ಲಿ ಮರಳಿದೆ, ಅಲೆಯಿದೆ, ಸರ್ಫಿಂಗ್ ಕಲಿಸುವವರಿದ್ದಾರೆ. ಊರೊಳಗಿನ ಬೀಚ್ ರಸ್ತೆಯ ಅಂಚು ಬಹುಪಾಲು ಕಪ್ಪು ಬಂಡೆ. ನೀರಿಗೆ ಕಾಲಿಡಲೇಬೇಕೆನ್ನುವವರಿಗೆ ಸೆರೆನಿಟಿಯ ಸೆಳೆತ ನಿಜ, ಆದರೆ ಸೆಳವೂ ಜೋರು, ಈಜಬೇಡಿ. ಗಮನಿಸಬೇಕಾದ್ದು, ಈ ಜಾಗ ಪುದುಚೇರಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿಲ್ಲ, ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯದು. ಪಾಂಡಿಯಲ್ಲಿ ಕೊಂಡ ಮದ್ಯದ ಬಾಟಲಿಯನ್ನು ಕೈಚೀಲದಲ್ಲಿಟ್ಟು ರೂಮಿಗೆ ಹೊರಟರೆ ರಾಜ್ಯದ ಗಡಿ ದಾಟಿದಂತಾಯಿತು. ತಪಾಸಣೆಯಲ್ಲಿ ಸಿಕ್ಕರೆ ರಾತ್ರಿ ಹಾಳು. ಊರಲ್ಲಿ ಊಟ ಮುಗಿಸಿ ತಡರಾತ್ರಿ ಮರಳುವುದೂ ಕಷ್ಟ. ಆಟೊಗಳು ಮೀಟರು ಹಾಕುವುದಿಲ್ಲ, ವಾಪಸು ಖಾಲಿ ಬರಬೇಕೆಂದು ದುಪ್ಪಟ್ಟು ಕೇಳುತ್ತಾರೆ, ಬಾಡಿಗೆ ಸ್ಕೂಟರಿನಲ್ಲಿ ಈಸಿಆರ್ (ಈಸ್ಟ್ ಕೋಸ್ಟ್ ರೋಡ್) ಹೆದ್ದಾರಿಯ ಕತ್ತಲೆ. ಎರಡೇ ರಾತ್ರಿಯಲ್ಲಿ ದಿನಕ್ಕೆರಡು ಬಾರಿ ಈ ಓಡಾಟ ಬೇಡ.

ಆರೋವಿಲ್ಲಿನ ಅತಿಥಿಗೃಹಗಳು ಕಾಡಿನೊಳಗಿನ ಬೇರೆಯೇ ಪ್ರವಾಸ, ಅದಕ್ಕೆ ನಾಲ್ಕು ದಿನ ಬೇಕು.

ರಾತ್ರಿಗೆ 5,000 ರೂಪಾಯಿಯ ಒಳಗೆ ಮುಗಿಸುವವರು, ಬೆಳಗ್ಗೆ ಬೇಗ ಏಳುವವರು, ನಡೆಯಲು ಬೇಸರವಿಲ್ಲದವರು ತಮಿಳು ಬೀದಿಗಳನ್ನೇ ಹಿಡಿಯಿರಿ, ನನ್ನ ದುಡ್ಡಂತೂ ಅಲ್ಲಿಗೇ. ವೈಟ್ ಟೌನಿಗೆ ದುಡ್ಡು ಹಾಕುವುದು ಒಂದೇ ಸಂದರ್ಭದಲ್ಲಿ ಸರಿ: ಕಿಟಕಿಯಿಂದಲೇ ಕಡಲು ಕಾಣುವ ರೂಮು ಸಿಕ್ಕಿ, ನೀವು ಹೋಗುವುದು ವಾರದ ನಡುವೆ ಆಗಿದ್ದರೆ. "ಕಡಲಿಗೆ ಹತ್ತಿರ" ಎಂದು ಬರೆದದ್ದಕ್ಕೆ ಹೆಚ್ಚು ಕೊಡಬೇಡಿ, ಹತ್ತಿರ ನಾವೂ ಇದ್ದೇವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇಲ್ಲಿ ಹಿಂಗಾರು ಮಳೆಯ ಕಾಲ. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಬಂದಾಗ ಊರಿನ ಬೀದಿಗಳಲ್ಲಿ ನೀರು ನಿಂತಿತ್ತು. ಆ ತಿಂಗಳುಗಳಲ್ಲಿ ರದ್ದು ಮಾಡಿದರೆ ಹಣ ವಾಪಸು ಬರುವ ಬುಕಿಂಗನ್ನೇ ಮಾಡಿ.

ಶನಿವಾರ ಹೀಗೆ ಮಾಡಿ. ಐದೂಕಾಲಿಗೆ ಹೊರಟು, ತೆರೆದ ಮೊದಲ ಅಂಗಡಿಯಲ್ಲಿ ಕಾಫಿ ಕುಡಿದು, ಕಾಲುವೆ ದಾಟಿ ಗಾಂಧಿ ಪ್ರತಿಮೆಯ ಬಳಿ ಬಂಡೆಗಳ ಅಂಚಿಗೆ ಬನ್ನಿ. ಬೆಳಕಾದ ಮೇಲೆ ವೈಟ್ ಟೌನಿನ ಬೀದಿಗಳನ್ನು ಖಾಲಿ ಇರುವಾಗಲೇ ಸುತ್ತಿ. ಮರಳುವಾಗ ನೆಹರು ಬೀದಿಯ ಗುಬೇರ್ ಮಾರ್ಕೆಟ್ಟಿನಲ್ಲಿ ಎರಡು ಮೊಳ ಮಲ್ಲಿಗೆ ಕೊಳ್ಳಿ. ಎಂಟೂವರೆಗೆ ತೊಟ್ಟಿಯಲ್ಲಿ ತಿಂಡಿ ಕಾಯುತ್ತಿರುತ್ತದೆ.