ಲ್ಯಾಬ್‌ಗೆ ಲಿಟ್ಲೆಸ್ಟ್ ಜುಪಿಟರ್‌ಹಬ್: ಚೆನ್ನಾಗಿದೆ, ಆದರೆ ಒಬ್ಬರು ಮೈಮೇಲೆ ಹಾಕಿಕೊಳ್ಳಬೇಕು

ಪೈಥಾನ್ ಅಥವಾ ಮೆಷಿನ್ ಲರ್ನಿಂಗ್ ಲ್ಯಾಬ್ ತಗೊಳ್ಳುವವರಿಗೆ ಸೆಮಿಸ್ಟರಿನ ಮೊದಲ ವಾರಗಳು ಹೇಗಿರುತ್ತವೆ ಅಂತ ಗೊತ್ತೇ ಇದೆ. ಪಾಠ ಇಲ್ಲ, ಬರೀ ಇನ್‌ಸ್ಟಾಲೇಷನ್. 2024ರ ಜೂನ್‌ನಲ್ಲಿ ನಂಪೈ ಅನ್ನುವ, ಲೆಕ್ಕ ಮಾಡುವ ಪೈಥಾನ್ ಲೈಬ್ರರಿಯ 2.0 ವರ್ಷನ್ ಬಂತು, ಹಳೇ ನಂಪೈಗೆ ಕಂಪೈಲ್ ಆಗಿದ್ದ ಎಷ್ಟೋ ಪ್ಯಾಕೇಜುಗಳು ಇಂಪೋರ್ಟ್ ಸಾಲಿನಲ್ಲೇ ಮಕಾಡೆ ಮಲಗಿದವು. ಸೈಕಿಟ್-ಲರ್ನ್ ಅನ್ನುವ ಮೆಷಿನ್ ಲರ್ನಿಂಗ್ ಲೈಬ್ರರಿಯ 1.2ರಲ್ಲಿ ಬಾಸ್ಟನ್ ಮನೆ ಬೆಲೆಯ ಡೇಟಾಸೆಟ್ಟನ್ನೇ ತೆಗೆದುಹಾಕಿದ್ದಾರೆ, ಹಳೇ ಲ್ಯಾಬ್ ಮ್ಯಾನುಯಲ್‌ಗಳಲ್ಲಿ ಮಾತ್ರ ಅದು ಇನ್ನೂ ಕೂತಿದೆ. ಹಳೇ ವರ್ಷನ್ ಇರುವ ಹುಡುಗನದ್ದು ರನ್ ಆಗುತ್ತದೆ, ಹೊಸದು ಹಾಕಿಕೊಂಡ ಹುಡುಗಿಯದ್ದು ಆಗಲ್ಲ, ಇಬ್ಬರೂ ಟೈಪ್ ಮಾಡಿರುವುದು ಅದೇ ಪ್ರೋಗ್ರಾಂ!

ಇದಕ್ಕೆ ನಾವು ಹಾಕಿಕೊಂಡಿದ್ದು ಲಿಟ್ಲೆಸ್ಟ್ ಜುಪಿಟರ್‌ಹಬ್. ಜುಪಿಟರ್ ನೋಟ್‌ಬುಕ್ (ಬ್ರೌಸರ್‌ನಲ್ಲೇ ಪ್ರೋಗ್ರಾಂ ಬರೆದು ರನ್ ಮಾಡುವ ಪುಟ) ಮಾಡಿದವರದ್ದೇ, ದುಡ್ಡು ಕೊಡಬೇಕಿಲ್ಲ. ಉಬುಂಟು ಲಿನಕ್ಸ್ ಇರುವ ಒಂದೇ ಮೆಷಿನ್ ಸಾಕು, ಮಕ್ಕಳು ಬ್ರೌಸರ್ ತೆರೆದು ಲಾಗಿನ್ ಆಗುತ್ತಾರೆ, ಲ್ಯಾಬಿನ ಹಳೇ ಪಿಸಿಗಳಲ್ಲಿ ಏನೂ ಹಾಕಬೇಕಿಲ್ಲ. ನೂರು ಜನರವರೆಗೆ ಅಂತ ಅವರೇ ಹೇಳುತ್ತಾರೆ. ಇನ್‌ಸ್ಟಾಲ್ ಮಾಡೋದು ಒಂದು ಸಾಲಿನ ಕಮಾಂಡ್. ಆದರೆ ಹೊಸದಾಗಿ ಉಬುಂಟು ಹಾಕಿದ ಮೆಷಿನ್‌ನಲ್ಲೇ ಮಾಡಿ, ಸ್ವಂತ ಲ್ಯಾಪ್‌ಟಾಪಿನ ಮೇಲೆ ಬೇಡ.

ಇದರಲ್ಲಿ ನನಗೆ ಇಷ್ಟವಾಗಿದ್ದು, ಅಡ್ಮಿನ್ ಒಂದು ಸಲ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಪಿಪ್ ಇನ್‌ಸ್ಟಾಲ್ (ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಮಾಡಿದರೆ ಎಲ್ಲರಿಗೂ ಅದೇ ಪ್ಯಾಕೇಜ್, ಅದೇ ವರ್ಷನ್. ತೊಂದರೆ ಇರುವುದೂ ಅಲ್ಲೇ ಅನ್ನಿ, ಸೆಮಿಸ್ಟರ್ ಮಧ್ಯೆ ಯಾರೋ ಸುಮ್ನೆ ಅಪ್‌ಗ್ರೇಡ್ ಒತ್ತಿದರೆ ಇಡೀ ಕ್ಲಾಸಿನದ್ದು ಒಟ್ಟಿಗೆ ನಿಲ್ಲುತ್ತದೆ. ಇನ್ನೊಂದು ಸಮಸ್ಯೆ ಬೇಗ ಕಣ್ಣಿಗೆ ಬೀಳಲ್ಲ. ಯೂಟ್ಯೂಬ್ ನೋಡಿ ಬಂದ ಹುಡುಗ ತಾನೇ ಪಿಪ್ ಇನ್‌ಸ್ಟಾಲ್ ಹೊಡೆಯುತ್ತಾನೆ. ಅವನಿಗೆ ಸುಡೋ ಇಲ್ಲದ್ದರಿಂದ ಪಿಪ್ ಅದನ್ನು ಅವನ ಹೋಮ್ ಫೋಲ್ಡರ್‌ನೊಳಗೆ, ಡಾಟ್ ಲೋಕಲ್ ಅನ್ನುವ ಕಡೆ ಇಡುತ್ತದೆ, ಪೈಥಾನ್ ಮೊದಲು ಹುಡುಕುವುದು ಅಲ್ಲೇ. ಅಲ್ಲಿಗೆ ಅವನೊಬ್ಬನ ಎನ್ವಿರಾನ್‌ಮೆಂಟ್ ಬೇರೆಯಾಯಿತು. 'ಸಾರ್, ನಂದೊಂದೇ ಬರ್ತಿಲ್ಲ' ಅಂತ ಯಾರಾದರೂ ಬಂದರೆ ಮೊದಲು ಆ ಫೋಲ್ಡರ್ ನೋಡಿ.

ಡೀಫಾಲ್ಟ್ ಸೆಟ್ಟಿಂಗ್‌ಗಳನ್ನು ಹಾಗೇ ಬಿಡಬೇಡಿ. ಮೆಮೊರಿಗೆ ಮಿತಿ ಇರಲ್ಲ, ಒಬ್ಬರು ದೊಡ್ಡ ಸಿಎಸ್‌ವಿ ಲೋಡ್ ಮಾಡಿದರೆ ಉಳಿದವರೆಲ್ಲ ಕಾಯುತ್ತಾ ಕೂರಬೇಕು. ಆಳಿಗೆ 1 ಜಿಬಿ ಅಂತ ಹಾಕಿದರೆ ಸಾಮಾನ್ಯ ಲ್ಯಾಬ್ ಪ್ರೋಗ್ರಾಂಗಳಿಗೆ ಧಾರಾಳ. ಹಾಗೇ 10 ನಿಮಿಷ ಏನೂ ಮಾಡದೆ ಬಿಟ್ಟರೆ ಆ ಮಗುವಿನ ಸರ್ವರ್ ನಿಂತುಹೋಗುತ್ತದೆ. ಫೈಲ್ ಎಲ್ಲೂ ಹೋಗಲ್ಲ, ವೇರಿಯಬಲ್‌ಗಳು ಹೋಗುತ್ತವೆ. ನೀವು ಬೋರ್ಡ್ ಮೇಲೆ ಬಯಾಸ್-ವೇರಿಯನ್ಸ್ ವಿವರಿಸಿ ತಿರುಗುವಷ್ಟರಲ್ಲಿ ಅರ್ಧ ಕ್ಲಾಸಿನವರು 'ಎಲ್ಲಾ ಹೋಯ್ತು' ಅಂತ ಗಾಬರಿ ಆಗಿರುತ್ತಾರೆ. ಅದನ್ನು ಒಂದು ಗಂಟೆಗೆ ಏರಿಸಿ.

ಲಾಗಿನ್ ಸರಳ. ಅಡ್ಮಿನ್ ಯುಎಸ್‌ಎನ್‌ಗಳನ್ನು (ಮಕ್ಕಳ ನೋಂದಣಿ ಸಂಖ್ಯೆ) ಸೇರಿಸಿದರೆ ಆಯಿತು, ಮೊದಲ ಸಲ ಬಂದವರು ಹಾಕಿದ್ದೇ ಪಾಸ್‌ವರ್ಡ್. ಪಕ್ಕದವನ ಯುಎಸ್‌ಎನ್ ಹಾಕಿ ಮೊದಲೇ ಒಳಗೆ ಹೋಗುವ ಕಿಡಿಗೇಡಿಗಳು ಎಲ್ಲ ಬ್ಯಾಚಿನಲ್ಲೂ ಇರುತ್ತಾರಲ್ವಾ, ಹಾಗಾಗಿ ಎಲ್ಲರೂ ಕೂತಿರುವಾಗಲೇ ಮೊದಲ ಲಾಗಿನ್ ಮಾಡಿಸಿ. ಎಡವಟ್ಟಾದರೆ ಅಡ್ಮಿನ್ ಪೇಜಿನಲ್ಲಿ ಹೆಸರು ಅಳಿಸಿ ಮತ್ತೆ ಸೇರಿಸಿದರೆ ಸಾಕು, ಫೈಲ್‌ಗಳು ಹಾಗೇ ಇರುತ್ತವೆ.

ನೋಟ್‌ಬುಕ್ ಹಂಚಲು ಎನ್‌ಬಿಗಿಟ್‌ಪುಲ್ಲರ್ ಜೊತೆಗೇ ಬರುತ್ತದೆ. ಗಿಟ್‌ಹಬ್ ಅನ್ನುವ ಕೋಡ್ ಇಡುವ ಸೈಟಿನಲ್ಲಿ ಇಟ್ಟು ಲಿಂಕ್ ಕೊಟ್ಟರೆ ಒತ್ತಿದ ತಕ್ಷಣ ಅವರವರ ಫೋಲ್ಡರ್‌ಗೆ ಬಂದು ಬೀಳುತ್ತದೆ, ಅವರು ಆಗಲೇ ಬರೆದಿದ್ದನ್ನು ಅಳಿಸಲ್ಲ. ಪೆನ್‌ಡ್ರೈವ್ ಓಡಾಟ ನಿಂತಿತು, ವೈರಸ್ ಕಾಟವೂ ಹೋಯಿತು.

ಚಿತ್ರ ತೋರಿಸುವ ಸಿವಿ2ರ ಇಮ್‌ಶೋ, ಗೆರೆ ಎಳೆಯುವ ಟರ್ಟಲ್, ಬಟನ್-ಫಾರಂ ಮಾಡುವ ಟಿಕೆ-ಇಂಟರ್ ಇದರಲ್ಲಿ ನಡೆಯಲ್ಲ. ಅವು ಸ್ಕ್ರೀನ್ ಮೇಲೆ ಬೇರೆ ವಿಂಡೋ ತೆರೆಯಬೇಕು, ಸರ್ವರ್‌ಗೆ ಸ್ಕ್ರೀನ್ ಎಲ್ಲಿದೆ? ಇಮೇಜ್ ಪ್ರೊಸೆಸಿಂಗ್ ಲ್ಯಾಬಿನವರು ಮ್ಯಾಟ್‌ಪ್ಲಾಟ್‌ಲಿಬ್ ಅನ್ನುವ ಲೈಬ್ರರಿಯಿಂದ ನೋಟ್‌ಬುಕ್‌ನೊಳಗೇ ಚಿತ್ರ ತೋರಿಸುವ ಹಾಗೆ ಪ್ರೋಗ್ರಾಂ ತಿದ್ದಿಕೊಳ್ಳಬೇಕು, ಅಥವಾ ಲೋಕಲ್ ಪೈಥಾನ್ ಇಟ್ಟುಕೊಳ್ಳಬೇಕು.

ಗೂಗಲ್ ಕೊಲ್ಯಾಬ್ (ಗೂಗಲ್‌ನ ಆನ್‌ಲೈನ್ ನೋಟ್‌ಬುಕ್) ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಮನೆಯಲ್ಲಿ ಪ್ರಾಜೆಕ್ಟ್ ಮಾಡಲು ಕೊಲ್ಯಾಬ್ ಒಳ್ಳೆಯದೇ, ಜಿಪಿಯು ಬೇಕಾದರಂತೂ ಅದೇ ಸರಿ. ಲ್ಯಾಬಿಗೆ ಬಂದರೆ ಮಾತು ಬೇರೆ. ನಮ್ಮ ಕಡೆ ನೆಟ್ ಕೈಕೊಡುವುದು ಸರಿಯಾಗಿ ಇಂಟರ್ನಲ್ಸ್ ದಿನವೇ. ಹಬ್ ಕಾಲೇಜಿನ ಲ್ಯಾನ್‌ನಲ್ಲೇ ಇದ್ದರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಕ್ಯಾಲಿಫೋರ್ನಿಯಾ ಹೌಸಿಂಗ್ ಥರದ ಡೇಟಾಸೆಟ್ ಮಾತ್ರ ಮೊದಲ ಸಲ ನೆಟ್‌ನಿಂದ ಇಳಿಯುತ್ತದೆ, ಅದೂ ಪ್ರತಿಯೊಬ್ಬರ ಫೋಲ್ಡರ್‌ಗೂ ಬೇರೆ ಬೇರೆ. ಮೊದಲೇ ಇಳಿಸಿ ಎಲ್ಲರೂ ಓದಬಹುದಾದ ಒಂದು ಫೋಲ್ಡರ್‌ನಲ್ಲಿ ಇಡಿ.

ಇನ್ನು ಬ್ಯಾಕಪ್. ಅದು ತಾನಾಗಿ ಆಗಲ್ಲ. ಎಲ್ಲರ ಕೆಲಸವೂ ಒಂದೇ ಡಿಸ್ಕ್‌ನಲ್ಲಿ ಇರುತ್ತದೆ, ಆ ಡಿಸ್ಕ್ ಹೋದರೆ ಇಡೀ ಬ್ಯಾಚಿನದ್ದು ಹೋದಂತೆ. ಹೋಮ್ ಫೋಲ್ಡರ್‌ಗಳನ್ನು ರಾತ್ರಿ ಬೇರೆ ಡಿಸ್ಕ್‌ಗೆ ಕಾಪಿ ಮಾಡುವ ಕ್ರಾನ್ ಜಾಬ್ (ಹೇಳಿದ ಸಮಯಕ್ಕೆ ತಾನಾಗಿ ಓಡುವ ಕಮಾಂಡ್) ಒಂದನ್ನು ಮೊದಲ ದಿನವೇ ಹಾಕಿ, ಯುಪಿಎಸ್‌ಗೆ ಆಮೇಲೆ ಅರ್ಜಿ ಹಾಕಿದರೂ ನಡೆಯುತ್ತದೆ.