ಬದಲಿ ಓಟಗಾರ್ತಿಗೆ ಸಾಲು ಸಾಲದ ಸ್ಕೋರ್‌ಬುಕ್

ಅಮೆರಿಕದ ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಬೇಸ್‌ಬಾಲ್‌ಗೂ ಸಾಫ್ಟ್‌ಬಾಲ್‌ಗೂ ಒಂದೇ ಎಂದು ಮಾರುವ ಸ್ಪೈರಲ್ ಸ್ಕೋರ್‌ಬುಕ್ ಇದೆಯಲ್ಲ? ಅಡ್ಡ ಹಾಳೆ, ಎಡಕ್ಕೊಂದು ತಂಡ, ಬಲಕ್ಕೊಂದು ತಂಡ, ಪ್ರತಿ ಮನೆಯೊಳಗೂ (ಒಬ್ಬಳ ಒಂದು ಸರದಿ ಬರೆಯುವ ಚೌಕ) ಅಚ್ಚು ಹಾಕಿದ ವಜ್ರಾಕೃತಿ, ಅಂದರೆ ನಾಲ್ಕು ಬೇಸುಗಳ ನಕ್ಷೆ. ಮಗಳ ತಂಡಕ್ಕೆ ಪುಸ್ತಕ ಹಿಡಿಯಲು ಕೂತ ಕನ್ನಡದ ಅಪ್ಪ ಅಮ್ಮಂದಿರ ಕೈಗೂ ಮೊದಲು ಸಿಗುವುದು ಇದೇ. ಇದರಲ್ಲಿ ಎರಡು ಬಗೆ: ಒಂದು ಬ್ಯಾಟಿಂಗ್ ಸ್ಥಾನಕ್ಕೆ ಎರಡು ಸಾಲು ಬಿಟ್ಟಿರುವುದು, ಮೂರು ಸಾಲು ಬಿಟ್ಟಿರುವುದು. ಬ್ರ್ಯಾಂಡ್ ಯಾವುದಾದರೂ ಇರಲಿ, ಎರಡು ಸಾಲಿನದು ಬೇಡ. ಯಾಕೆಂದರೆ ಹಿಟ್ಟು, ಔಟು, ಎರರ್ ಬರೆಯಲು ಯಾವ ಪುಸ್ತಕವಾದರೂ ನಡೆಯುತ್ತದೆ. ಪುಸ್ತಕದ ಯೋಗ್ಯತೆ ಗೊತ್ತಾಗುವುದು ಒಬ್ಬಳು ಬೇಸ್ ಬಿಟ್ಟು ಬೆಂಚಿಗೆ ಹೋಗಿ ಇನ್ನೊಬ್ಬಳು ಅವಳ ಬದಲು ಓಡಲು ಬಂದಾಗ.

ಕ್ರಿಕೆಟ್ ಸ್ಕೋರ್ ಬರೆದು ಕೈ ಪಳಗಿದವರು ಮೊದಲು ಎಡವುವುದೂ ಇಲ್ಲೇ. ಕ್ರಿಕೆಟ್ಟಿನಲ್ಲಿ ಗಾಯಾಳುವಿನ ಪರವಾಗಿ ರನ್ನರ್ ಎಷ್ಟೇ ಓಡಿದರೂ ರನ್ನು ಬ್ಯಾಟ್ ಹಿಡಿದವರದು (ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಐಸಿಸಿ 2011ರಲ್ಲೇ ಆ ಸೌಲಭ್ಯ ತೆಗೆದುಹಾಕಿತು). ಸಾಫ್ಟ್‌ಬಾಲ್‌ನಲ್ಲಿ ಹೋಂ ಪ್ಲೇಟ್ (ಓಟ ಮುಗಿಯುವ ಬೇಸ್) ತುಳಿದವಳದೇ ರನ್ನು. ಕದ್ದ ಬೇಸೂ ಅವಳದೇ, ಕದಿಯಲು ಹೋಗಿ ಸಿಕ್ಕಿಬಿದ್ದರೆ ಆ ಔಟೂ ಅವಳ ಲೆಕ್ಕಕ್ಕೇ. ವಾಕ್ (ನಾಲ್ಕು ಬಾಲ್ ಬಿದ್ದು ಪುಕ್ಕಟೆ ಸಿಕ್ಕ ಫಸ್ಟ್ ಬೇಸ್) ಅಥವಾ ಹಿಟ್ ಮಾತ್ರ ಮೊದಲು ಬೇಸ್ ಸೇರಿದವಳ ಹೆಸರಲ್ಲಿ ಉಳಿಯುತ್ತದೆ. ಎದುರಾಳಿ ಪಿಚರ್ (ಚೆಂಡು ಎಸೆಯುವವಳು) ಹೊಣೆಯೂ ಹಾಗೆಯೇ: ಮೊದಲಿನವಳನ್ನು ಬೇಸಿಗೆ ಬಿಟ್ಟ ಪಿಚರ್ ತಲೆಗೇ ಆ ರನ್ನು, ಓಡುವವಳು ಬದಲಾದರೆ ಅದು ಬದಲಾಗದು.

ಇನ್ನು ಓಡುವವಳು ಯಾರು ಎಂಬುದು. ಪಿಂಚ್ ರನ್ನರ್ ಅಂದರೆ ನಿಜವಾದ ಬದಲಾವಣೆ. ಅವಳು ಆಟಕ್ಕೆ ಬಂದಳು, ಮೊದಲಿನವಳು ಹೊರಗೆ ಹೋದಳು. ಆರಂಭದ ಆಟಗಾರ್ತಿ ಒಮ್ಮೆ ಮರಳಿ ಬರಬಹುದು, ಅದೂ ತನ್ನ ಹಳೆಯ ಬ್ಯಾಟಿಂಗ್ ಸ್ಥಾನಕ್ಕೇ. ಕರ್ಟಸಿ ರನ್ನರ್ ಬೇರೆ. ಹೈಸ್ಕೂಲ್ ಆಟಕ್ಕೆ ನಿಯಮ ಬರೆಯುವ ಎನ್‌ಎಫ್‌ಎಚ್‌ಎಸ್ ಲೆಕ್ಕದಲ್ಲಿ ಅವಳು ಪಿಚರ್ ಅಥವಾ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವಳು) ಪರವಾಗಿ ಓಡಿಹೋಗುವವಳು ಅಷ್ಟೇ. ಪಿಚರ್ ಹೊರಗೆ ಹೋದಂತೆ ಆಗುವುದಿಲ್ಲ, ಮರಳಿ ಬರುವ ಅವಕಾಶವೂ ಖರ್ಚಾಗುವುದಿಲ್ಲ. ಕಾಲೇಜು ಮಟ್ಟದ ಎನ್‌ಸಿಎಎಯಲ್ಲಿ ಕರ್ಟಸಿ ರನ್ನರೇ ಇಲ್ಲ, ಅಲ್ಲಿ ಓಡಲು ಬಂದವರೆಲ್ಲ ಬದಲಿ ಆಟಗಾರ್ತಿಯರೇ.

ಈ ವ್ಯತ್ಯಾಸ ಹಾಳೆಯ ಮೇಲೆ ಕಾಣಬೇಕು. ಎರಡು ಸಾಲಿನ ಪುಸ್ತಕದ ಸೋಲು ಅಲ್ಲಿದೆ. ಮೊದಲ ಸಾಲಿನಲ್ಲಿ 9ನೇ ನಂಬರಿನವಳು, ಎರಡನೆಯದರಲ್ಲಿ ಅವಳ ಪಿಂಚ್ ರನ್ನರ್ 14. ಮುಂದಿನ ಇನ್ನಿಂಗ್ಸ್‌ಗೆ 9 ಮರಳಿ ಬಂದಳು. ಎಲ್ಲಿ ಬರೆಯುವುದು? ಜನ ಮಾರ್ಜಿನ್ನಿನಲ್ಲಿ ಗೀಚುತ್ತಾರೆ, ಆರನೇ ಇನ್ನಿಂಗ್ಸ್ ಹೊತ್ತಿಗೆ ಆ ಗೀಚು ಯಾರಿಗೂ ಓದಲು ಬರುವುದಿಲ್ಲ. 9 ಎರಡನೇ ಸಲ ಮರಳಲು ಹೊರಟಾಗ ಅದು ನಿಯಮಬಾಹಿರ ಎಂದು ಹೇಳಬೇಕಾದ ಪುಸ್ತಕವೇ ಬಾಯಿ ಕಟ್ಟಿಕೊಂಡು ಕೂರುತ್ತದೆ. ಮೂರನೇ ಸಾಲಿದ್ದರೆ ಅಲ್ಲಿ 9 ಎಂದು ಮತ್ತೆ ಬರೆದು ಮುಂದೆ ‘ಮರಳಿ, 4ನೇ ಇನ್ನಿಂಗ್ಸ್’ ಎಂದರೆ ಮುಗಿಯಿತು.

ಡಿಪಿ–ಫ್ಲೆಕ್ಸ್ (ಫ್ಲೆಕ್ಸ್ ಫೀಲ್ಡಿಂಗಿಗೆ ನಿಲ್ಲುವವಳು, ಡಿಪಿ ಅವಳ ಬದಲು ಬ್ಯಾಟ್ ಮಾಡುವವಳು) ಇಟ್ಟುಕೊಂಡ ತಂಡಕ್ಕಂತೂ ಮೂರು ಸಾಲು ಬೇಕೇ ಬೇಕು. ಹತ್ತನೇ ಸ್ಥಾನದಲ್ಲಿ ಪಟ್ಟಿಯಾದ ಫ್ಲೆಕ್ಸ್ ಬಂದು ಡಿಪಿಯ ಬದಲು ಓಡಿದರೆ ಡಿಪಿ ಆಟ ಬಿಟ್ಟ ಲೆಕ್ಕ, ತಂಡ ಹತ್ತರಿಂದ ಒಂಬತ್ತಕ್ಕೆ ಇಳಿಯಿತು. ಫ್ಲೆಕ್ಸ್ ನಂಬರು ಡಿಪಿ ಸ್ಥಾನದ ಎರಡನೇ ಸಾಲಿಗೆ, ಡಿಪಿ ಮರಳಿದರೆ ಮೂರನೆಯದಕ್ಕೆ. ಇನ್ನೊಂದು: ಪಿಚರ್ ಪರವಾಗಿ ಬ್ಯಾಟ್ ಮಾಡುತ್ತಿರುವ ಡಿಪಿಗೆ ಹೈಸ್ಕೂಲ್ ನಿಯಮದಲ್ಲಿ ಕರ್ಟಸಿ ರನ್ನರ್ ಸಿಗುವುದಿಲ್ಲ. ಕೋಚ್ ಕಳಿಸಿಬಿಡುತ್ತಾರೆ, ಪುಸ್ತಕ ಹಿಡಿದವರು ಬರೆದೂಬಿಡುತ್ತಾರೆ.

ಕರ್ಟಸಿ ರನ್ನರ್ ಬರೆಯುವ ಕ್ರಮ ನೋಡೋಣ. ಮೂರನೇ ಇನ್ನಿಂಗ್ಸ್, ನಾಲ್ಕನೇ ಸ್ಥಾನದಲ್ಲಿ ಬ್ಯಾಟ್ ಮಾಡುವ ಪಿಚರ್ 12 ವಾಕ್ ಪಡೆದಳು. ಮನೆಯ ಬಲ ಕೆಳಮೂಲೆಯಲ್ಲಿ ವಾಕ್‌ನ ಗುರುತು ‘ಬಿಬಿ’, ಹೋಂನಿಂದ ಫಸ್ಟ್ ಬೇಸಿಗೆ ಪೆನ್ಸಿಲ್ ಗೆರೆ. ಕೋಚ್ ಅಂಪೈರಿಗೆ 21 ಎಂದು ಹೇಳಿದರು. ಫಸ್ಟ್ ಬೇಸ್ ಮೂಲೆಗೆ ಅಡ್ಡಗೀಟು ಹಾಕಿ ‘ಸಿಆರ್ 21’ ಎಂದು ಬರೆದು ಅಲ್ಲಿಂದ ಮುಂದೆ ಕೆಂಪು ಪೆನ್ಸಿಲ್. 21 ಸೆಕೆಂಡ್ ಕದ್ದಳು: ಕೆಂಪಿನಲ್ಲಿ ‘ಎಸ್‌ಬಿ’. 7ನೇ ನಂಬರಿನವಳ ಸಿಂಗಲ್‌ಗೆ ಹೋಂ ಸೇರಿದಳು: ಗೆರೆ ಹೋಂ ತನಕ, ತಂದವಳ ನಂಬರು 7 ಪಕ್ಕದಲ್ಲಿ, ವಜ್ರ ತುಂಬಿಸಿ. ಈಗ ಬಲಗಡೆಯ ಮೊತ್ತದ ಕಾಲಂ. 12ರ ಸಾಲಿನಲ್ಲಿ ವಾಕ್ 1, ರನ್ 0. 7ರ ಸಾಲಿಗೆ ಆರ್‌ಬಿಐ (ಹೊಡೆದು ತಂದುಕೊಟ್ಟ ರನ್) 1. 21ರ ರನ್ 1, ಕದ್ದ ಬೇಸ್ 1 ಎಲ್ಲಿಗೆ? ನಾಲ್ಕನೇ ಸ್ಥಾನದ ಎರಡನೇ ಸಾಲಿಗಲ್ಲ. ಅಲ್ಲಿ ಬರೆದರೆ ಅವಳು 12ರ ಬದಲಿಗೆ ಆಟಕ್ಕೆ ಬಂದಂತೆ ಓದಿಕೊಳ್ಳುತ್ತದೆ, ಮುಂದಿನ ಇನ್ನಿಂಗ್ಸ್‌ನಲ್ಲಿ ಪಿಚಿಂಗ್‌ಗೆ ನಿಂತ 12 ಮರಳಿ ಬಂದವಳಂತೆ ಕಾಣುತ್ತಾಳೆ. ಪಟ್ಟಿಯ ಕೆಳಗಿನ ಖಾಲಿ ಸಾಲಿನಲ್ಲಿ ‘ಸಿಆರ್, ಪಿಚರ್’ ಎಂದು ತಲೆಬರಹ ಕೊಟ್ಟು ಅಲ್ಲಿ ಬರೆಯಬೇಕು.

‘ಪಿಚರ್’ ಎಂದು ಬರೆದದ್ದೂ ಸುಮ್ಮನಲ್ಲ. ಪಿಚರ್‌ಗೆ ಓಡಿದವಳು ಅದೇ ಪಂದ್ಯದಲ್ಲಿ ಕ್ಯಾಚರ್‌ಗೆ ಓಡುವಂತಿಲ್ಲ. ಅದೇ ಅರ್ಧ ಇನ್ನಿಂಗ್ಸ್‌ನಲ್ಲಿ ಬೇರೆಯವರ ಬದಲಿಯಾಗಿ ಬರುವಂತಿಲ್ಲ. 21 ಐದನೆಯದರಲ್ಲಿ ಪಿಂಚ್ ಹಿಟ್ಟರ್ (ಬದಲಿ ಬ್ಯಾಟರ್) ಆಗಿ ಬಂದರೆ ಸರಿಯೇ, ಆದರೆ ಆಮೇಲೆ ಅವಳ ಕರ್ಟಸಿ ಓಟ ಮುಗಿಯಿತು, ಯಾಕೆಂದರೆ ಬೇರೆ ರೀತಿಯಲ್ಲಿ ಆಟಕ್ಕೆ ಇಳಿದವಳಿಗೆ ಆ ಕೆಲಸ ಇಲ್ಲ. ಐದನೇ ಇನ್ನಿಂಗ್ಸ್ ಎಂದು ನಮೂದಿಸಿ ಕೆಳಗಿನ ಸಾಲನ್ನು ಕೆಂಪಿನಲ್ಲಿ ಹೊಡೆದುಹಾಕಿ.

ಇಷ್ಟಕ್ಕೂ ಮೂರು ಸಾಲಿನ ಪುಸ್ತಕ ಕೈಕೊಡುವ ಜಾಗ ಒಂದಿದೆ: ಇಡೀ ತಂಡವೇ ಬ್ಯಾಟ್ ಮಾಡುವ ವಾರಾಂತ್ಯದ ಟೂರ್ನಮೆಂಟು. ಬೆಂಚಿನಲ್ಲಿ ಓಡುವವರೇ ಉಳಿದಿರುವುದಿಲ್ಲ, ಹಾಗಾಗಿ ಕೆಲವೆಡೆ ಕೊನೆಯದಾಗಿ ಔಟಾದವಳನ್ನೇ ಓಡಲು ಕಳಿಸುತ್ತಾರೆ. ಅಂತರರಾಷ್ಟ್ರೀಯ ನಿಯಮದ ಟೆಂಪರರಿ ರನ್ನರ್ ಇದರ ಸೋದರಿ: ಎರಡು ಔಟಾದ ಮೇಲೆ ಬೇಸ್ ಮೇಲಿರುವ ಕ್ಯಾಚರ್ ಪರ, ಆ ಹೊತ್ತಿಗೆ ಬೇಸ್ ಮೇಲಿಲ್ಲದವರಲ್ಲಿ ಬ್ಯಾಟಿಂಗ್ ಸರದಿ ಎಲ್ಲರಿಗಿಂತ ಕೊನೆಗೆ ಬರುವವಳು ಓಡುತ್ತಾಳೆ. (ಕೊನೆಯವಳೇ ಯಾಕೆ? ಅವಳು ಬೇಸ್ ಮೇಲಿರುವಾಗಲೇ ಅವಳ ಬ್ಯಾಟಿಂಗ್ ಸರದಿ ಬಂದುಬಿಡಬಾರದಲ್ಲ. ಕ್ಯಾಚರ್ ಅಷ್ಟರಲ್ಲಿ ಪ್ಯಾಡ್ ಕಟ್ಟಿಕೊಳ್ಳುತ್ತಾಳೆ, ಆಟ ತಡವಾಗುವುದಿಲ್ಲ.) ಇಂಥವಳಿಗೆ ಆಗಲೇ ತನ್ನದೇ ಸಾಲಿದೆ. ಅದೇ ಇನ್ನಿಂಗ್ಸ್‌ನ ಅವಳ ಮನೆಯಲ್ಲಿ ಔಟಿನ ವೃತ್ತ, ಮೊತ್ತದಲ್ಲಿ ಮಾತ್ರ ರನ್ 1! ತಪ್ಪು ಬರೆದೆವೆಂದು ಪಂದ್ಯ ಮುಗಿದ ಮೇಲೆ ಅಳಿಸುವವರೇ ಹೆಚ್ಚು. ಕ್ಯಾಚರ್ ಮನೆಯಲ್ಲಿ ‘ಟಿಆರ್’ ಎಂದು ಅವಳ ನಂಬರು, ಅವಳ ಮೊತ್ತದ ಪಕ್ಕ ಒಂದು ಚುಕ್ಕೆ, ಎರಡೂ ಇದ್ದರೆ ಗೊಂದಲ ಇಲ್ಲ.

ತಾಳೆ ನೋಡಲು ಹಳೆಯ ಸಮೀಕರಣ ಸಾಕು. ಒಂದು ಕಡೆ ಅಟ್ ಬ್ಯಾಟ್ (ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿ), ವಾಕ್, ಹಿಟ್ ಬೈ ಪಿಚ್ (ಎಸೆತ ಮೈಗೆ ಬಡಿದು ಸಿಕ್ಕ ಬೇಸ್), ಸ್ಯಾಕ್ರಿಫೈಸ್‌ಗಳು (ಓಡುವವಳನ್ನು ಮುಂದೆ ಸಾಗಿಸಲು ಕೊಟ್ಟ ಔಟು), ಅಡ್ಡಿಗಾಗಿ ಕೊಟ್ಟ ಫಸ್ಟ್ ಬೇಸ್‌ಗಳ ಮೊತ್ತ. ಇನ್ನೊಂದು ಕಡೆ ರನ್ನು, ಬೇಸ್ ಮೇಲೆ ಉಳಿದವರು, ಎದುರಾಳಿ ಮಾಡಿದ ಔಟು. ಒಂದು ವ್ಯತ್ಯಾಸ ಬಂದರೆ ಕರ್ಟಸಿ ರನ್ನರ್ ರನ್ನನ್ನು ಇಬ್ಬರ ಸಾಲಿಗೂ ಬರೆದಿದ್ದೀರಾ ಎಂದು ಮೊದಲು ನೋಡಿ. ಟೈಬ್ರೇಕರ್ (ಸಮಬಲವಾದಾಗಿನ ಹೆಚ್ಚುವರಿ ಇನ್ನಿಂಗ್ಸ್) ಇದ್ದರೆ ಸೆಕೆಂಡ್ ಬೇಸ್ ಮೇಲೆ ತಂದು ನಿಲ್ಲಿಸಿದವಳಿಗೆ ಪ್ಲೇಟ್ ಅಪಿಯರೆನ್ಸ್ (ಬ್ಯಾಟಿಂಗ್ ಸರದಿ) ಇಲ್ಲ, ಹಾಗಾಗಿ ಅಂಥ ಪ್ರತಿ ಅರ್ಧ ಇನ್ನಿಂಗ್ಸ್‌ಗೆ ಸಮೀಕರಣದ ಮೊದಲ ಕಡೆಗೆ ಒಂದು ಕೂಡಿಸಬೇಕು. ಅವಳ ರನ್ನು ಪಿಚರ್ ಲೆಕ್ಕದಲ್ಲಿ ಅರ್ನ್ಡ್ ರನ್ (ಪಿಚರ್ ತಪ್ಪಿಗೇ ಹೊರಿಸುವ ರನ್) ಅಲ್ಲ.

ಹಾಳೆ, ಅಚ್ಚು ಹೇಗಿದೆ? ವಜ್ರ ದಪ್ಪ ಕಪ್ಪು ಗೆರೆಯಲ್ಲಿದ್ದರೆ ಬಿಟ್ಟುಬಿಡಿ, ಗೆರೆಯ ಬಣ್ಣ ಬೇಸಿನಿಂದ ಬೇಸಿಗೆ ಬದಲಾದದ್ದು ಅದರ ಮೇಲೆ ಕಾಣುವುದಿಲ್ಲ. ತೆಳು ಚುಕ್ಕೆ ಗೆರೆಯದು ಒಳ್ಳೆಯದು. ಬಾಲು–ಸ್ಟ್ರೈಕಿನ ಎಣಿಕೆಗೆ ಮನೆಯೊಳಗೇ ಐದು ಚಿಕ್ಕ ಚೌಕ ಕೊಟ್ಟಿರುವ ಮಾದರಿ ನೋಡಲು ಚಂದ, ಆದರೆ ‘ಸಿಆರ್ 21’ ಎಂದು ಬರೆಯಬೇಕಾದ ಜಾಗವನ್ನೇ ಆ ಚೌಕಗಳು ತಿಂದಿರುತ್ತವೆ.

ಆ್ಯಪ್‌ನಲ್ಲಿ ಬರೆಯುವವರು ಪಂದ್ಯಕ್ಕೆ ಮುಂಚೆ ಒಂದು ಸುಳ್ಳು ಪಂದ್ಯ ತೆರೆದು ಕರ್ಟಸಿ ರನ್ನರ್‌ಗೆ ಬೇರೆ ಆಯ್ಕೆ ಇದೆಯೇ ನೋಡಿಕೊಳ್ಳಿ. ಇಲ್ಲದೆ ಮಾಮೂಲಿ ಬದಲಾವಣೆಯಾಗಿ ಒತ್ತಿದರೆ ಪಿಚರ್ ಪಟ್ಟಿಯಿಂದಲೇ ಹೊರಗೆ ಹೋಗುತ್ತಾಳೆ, ಅವಳ ಮುಂದಿನ ಬ್ಯಾಟಿಂಗ್ 21ರ ಹೆಸರಿಗೆ ಬೀಳುತ್ತದೆ.

ಅಂಗಡಿಯಲ್ಲಿ ಪುಸ್ತಕ ತೆರೆದು ಪಟ್ಟಿಯ ಸಾಲು ಎಣಿಸಿ. ಫ್ಲೆಕ್ಸ್ ಸೇರಿ ಹತ್ತು ಸ್ಥಾನಕ್ಕೂ ತಲಾ ಮೂರು ಸಾಲಿದ್ದು, ಅದರ ಕೆಳಗೆ ಇನ್ನೂ ನಾಲ್ಕು ಖಾಲಿ ಉಳಿದಿದ್ದರೆ ಕೊಳ್ಳಿ: ಪಿಚರ್ ಪರ ಓಡುವವಳಿಗೆ ಒಂದು, ಕ್ಯಾಚರ್ ಪರದವಳಿಗೆ ಒಂದು, ಅವರಲ್ಲಿ ಯಾರಾದರೂ ಬದಲಿಯಾಗಿ ಆಟಕ್ಕಿಳಿದರೆ ಅವರ ಜಾಗಕ್ಕೆ ಬರುವವರಿಗೆ ಎರಡು.